ಒಂದಗುಳು ಅನ್ನ, ಇಪ್ಪತ್ತೈದು ಫ್ಲಾಪು

ಅನ್ನ ಬೆಂದಿದೆಯೇ ಎಂದು ತಿಳಿಯಲು ಗಡಿಗೆಯನ್ನೆಲ್ಲ ಬಗ್ಗಿಸಬೇಕಾಗಿಲ್ಲ, ಒಂದಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ನಮ್ಮ ತಾಯಂದಿರು ಕಲಿಸಿದ ಪಾಠ. ಒಂದು ಖೋಲಿಯಲ್ಲಿ ನಾಲ್ಕಾರು ಮಂದಿ ಸೇರಿ ಅಡಿಗೆ ಮಾಡಿಕೊಳ್ಳುವ ನಮ್ಮಂಥವರಿಗೆ ಈ ಪಾಠ ದಿನನಿತ್ಯದ್ದು. ಆದರೆ ಹೊಸದಾಗಿ ಅಡಿಗೆಗೆ ಕೈ ಹಾಕಿದವನು ಒಂದು ತಪ್ಪನ್ನು ಮಾಡಿಯೇ ಮಾಡುತ್ತಾನೆ. ಸೌಟಾಡಿಸದೆ ಮೇಲಿನ ಅಗುಳೊಂದನ್ನು ಹಿಸುಕಿ, ಇನ್ನೂ ಅಕ್ಕಿಯಿದೆಯೆಂದು ಉರಿ ಹೆಚ್ಚಿಸುತ್ತಾನೆ. ಅಷ್ಟರಲ್ಲಿ ತಳ ಸೀದಿರುತ್ತದೆ. ಒಂದಗುಳು ಇಡೀ ಗಡಿಗೆಯ ಪರವಾಗಿ ಸಾಕ್ಷಿ ಹೇಳಬೇಕಾದರೆ, ಮೊದಲು ಗಡಿಗೆಯನ್ನು ಕಲಕಿರಬೇಕು. ಈ ಸಲದ ಪಾಠದ ಸಾರವೆಲ್ಲ ಇಷ್ಟೇ. ಮುಂದೆ ಹೇಳುವುದು ಅದರ ಲೆಕ್ಕ.

ಪಾಠಕ್ಕೆ ಕಾರಣವಾದುದು ಒಂದು ಪ್ರಶ್ನೆ. ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣರೊಬ್ಬರು, ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವರು, ಪತ್ರಿಕೆಗಳ ಮೇಜಿನ ಬಳಿ ನನ್ನನ್ನು ನಿಲ್ಲಿಸಿ ಕೇಳಿದರು: “ಪೋಕರ್ ಆಟವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಲು ಸಾಲ್ವರ್ ಎಂಬ ಸಾಫ್ಟ್‌ವೇರ್ ಇದೆಯಷ್ಟೆ. ಒಂದು ಫ್ಲಾಪನ್ನು ಬಿಡಿಸಲು ನನ್ನ ಹಳೆಯ ಕಂಪ್ಯೂಟರಿಗೆ ಹತ್ತು ನಿಮಿಷ ಬೇಕು. ಫ್ಲಾಪುಗಳೋ ಸಾವಿರಾರು. ನನಗೆ ಸಿಕ್ಕುವುದು ರಾತ್ರಿ ಊಟವಾದ ಮೇಲಿನ ಒಂದು ಗಂಟೆ. ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ?”

ಇಸ್ಪೀಟಿನ ಮಾತು ಸಂಘದ ಪತ್ರಿಕೆಯಲ್ಲಿ ಏಕೆಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಹಣ ಕಟ್ಟಿ ಆಡುವುದನ್ನು ಕಲಿಸುವ ಪಾಠ ಇದಲ್ಲ; ಆ ವಿಷಯವನ್ನು ಕೊನೆಯಲ್ಲಿ ಸ್ಪಷ್ಟವಾಗಿಯೇ ಹೇಳುತ್ತೇನೆ. ಆದರೆ ಆ ತರುಣರು ಕೇಳಿದ ಪ್ರಶ್ನೆ ಒಳ್ಳೆಯ ಪ್ರಶ್ನೆ. ಸಾವಿರದಲ್ಲಿ ಇಪ್ಪತ್ತೈದನ್ನು ಆರಿಸಿ ಸಾವಿರದ ಮಾತನ್ನು ಹೇಗೆ ತಿಳಿಯಬೇಕು ಎಂಬುದು ಗಿರಣಿಯ ಬಟ್ಟೆ ಪರೀಕ್ಷಿಸುವವನಿಗೂ, ಲೆಡ್ಜರು ತಪಾಸಣೆ ಮಾಡುವ ಗುಮಾಸ್ತನಿಗೂ ಬರುವ ಪ್ರಶ್ನೆಯೇ. ಇಸ್ಪೀಟಿನಲ್ಲಿ ಒಂದು ಅನುಕೂಲವಿದೆ: ಗಡಿಗೆಯಲ್ಲಿ ಎಷ್ಟು ಅಗುಳಿವೆ ಎಂಬುದನ್ನು ಒಂದೂ ಬಿಡದೆ ಎಣಿಸಬಹುದು.

ಆಟ ಮತ್ತು ಯಂತ್ರ

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಇಲ್ಲಿ ಹೇಳುವುದು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯ ಪೋಕರ್. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಶಾಸನಸಭೆಯು 2007ರಲ್ಲಿ ರಾಬ್‌ಸ್ಟೌನ್ ಎಂಬ ಊರನ್ನು ಈ ಆಟದ ಹುಟ್ಟೂರೆಂದು ಅಂಗೀಕರಿಸಿತು. ಪ್ರತಿಯೊಬ್ಬ ಆಟಗಾರನಿಗೂ ಮುಚ್ಚಿದ ಎರಡು ಎಲೆ. ಪಣದ ಒಂದು ಸುತ್ತು ಮುಗಿದ ಮೇಲೆ ಮೇಜಿನ ನಡುವೆ ಮೂರು ಎಲೆಗಳನ್ನು ಒಟ್ಟಿಗೆ ತೆರೆದಿಡುತ್ತಾರೆ. ಈ ಮೂರಕ್ಕೆ ಫ್ಲಾಪ್ ಎಂದು ಹೆಸರು. ಆಮೇಲೆ ಟರ್ನ್ ಎಂಬ ನಾಲ್ಕನೆಯ ಎಲೆ, ರಿವರ್ ಎಂಬ ಐದನೆಯ ಎಲೆ. ಕೈಯ ಎರಡು, ಮೇಜಿನ ಐದು, ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಹೊಂದಿಸಿದವನು ಗೆದ್ದ. ಎಲ್ಲರಿಗೂ ಮೂರು ಎಲೆ ಒಮ್ಮೆಗೇ ಸೇರುವುದರಿಂದ, ಕೈಯ ಬೆಲೆ ತಲೆಕೆಳಗಾಗುವುದು ಮುಖ್ಯವಾಗಿ ಫ್ಲಾಪಿನಲ್ಲಿಯೇ.

ಸಾಲ್ವರ್ ಎಂಬುದು ಜ್ಯೋತಿಷ್ಯವಲ್ಲ. ಇಬ್ಬರು ಆಟಗಾರರ ಕೈಯಲ್ಲಿ ಯಾವ ಯಾವ ಎಲೆಗಳಿರಬಹುದು, ನಡುವೆ ಎಷ್ಟು ಹಣವಿದೆ, ಎಷ್ಟೆಷ್ಟು ಪಣ ಕಟ್ಟಬಹುದು ಎಂಬುದನ್ನು ನಾವೇ ಅದಕ್ಕೆ ಹೇಳಬೇಕು. ಆಮೇಲೆ ಅದು ಇಬ್ಬರ ಪಾತ್ರವನ್ನೂ ತಾನೇ ವಹಿಸಿ, ತನ್ನೊಡನೆ ತಾನೇ ಮತ್ತೆ ಮತ್ತೆ ಆಡುತ್ತದೆ. ಪ್ರತಿಯೊಂದು ಸಲವೂ, ಬೇರೆ ದಾರಿ ಹಿಡಿದಿದ್ದರೆ ಎಷ್ಟು ಲಾಭವಾಗುತ್ತಿತ್ತು ಎಂಬ ಪಶ್ಚಾತ್ತಾಪದ ಲೆಕ್ಕವಿಟ್ಟು, ಮುಂದಿನ ಸಲ ಆ ದಾರಿಯ ಕಡೆಗೆ ಸ್ವಲ್ಪ ವಾಲುತ್ತದೆ. ಕೊನೆಗೆ ಇಬ್ಬರಲ್ಲಿ ಯಾರು ದಾರಿ ಬದಲಿಸಿದರೂ ಹೇಳಿಕೊಳ್ಳುವಷ್ಟು ಲಾಭವಿಲ್ಲ ಎಂಬ ಸ್ಥಿತಿ ಬರುತ್ತದೆ. ಪಶ್ಚಾತ್ತಾಪದ ಈ ಕ್ರಮವನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಪಣಕ್ಕೆ ಮಿತಿಯಿರುವ ಇಬ್ಬರ ಹೋಲ್ಡೆಮ್ ಆಟವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಿಡಿಸಿದುದಾಗಿ ಅದೇ ವಿಶ್ವವಿದ್ಯಾಲಯದವರು 2015ರ ಜನವರಿಯಲ್ಲಿ ಸಾರಿದರು. ಮನೆಯ ಕಂಪ್ಯೂಟರಿನಲ್ಲಿ ನಡೆಯುವ ಪಿಯೋಸಾಲ್ವರ್ ಎಂಬುದು ಮಾರಾಟಕ್ಕೆ ಬಂದುದೂ 2015ರಲ್ಲಿಯೇ.

ಒಂದು ಫ್ಲಾಪು ಬಿದ್ದ ಮೇಲೆ ಟರ್ನಿಗೆ 49 ಎಲೆ ಉಳಿಯುತ್ತವೆ, ರಿವರಿಗೆ 48. ಗುಣಿಸಿದರೆ 2352 ದಾರಿ. ಒಂದೊಂದು ದಾರಿಯಲ್ಲೂ ಪಣದ ಕವಲುಗಳು. ಒಂದೇ ಫ್ಲಾಪಿಗೆ ಹತ್ತು ನಿಮಿಷ ಹಿಡಿಯುವುದು ಏಕೆಂದು ಈಗ ತಿಳಿಯಿತಲ್ಲವೆ?

ಗಡಿಗೆಯಲ್ಲಿ ಎಷ್ಟು ಅಗುಳು?

52 ಎಲೆಗಳಿಂದ ಮೂರನ್ನು ಎತ್ತುವ ರೀತಿಗಳು 22,100. ಆದರೆ ಇಸ್ಪೀಟು, ಆಟೀನು, ಡೈಮಂಡು, ಕಳಾವರ ಎಂಬ ನಾಲ್ಕು ರಂಗುಗಳಲ್ಲಿ ಪೋಕರಿನ ಮಟ್ಟಿಗೆ ಮೇಲುಕೀಳಿಲ್ಲ. ಇಸ್ಪೀಟಿನ ಎಕ್ಕ, ಇಸ್ಪೀಟಿನ 9, ಆಟೀನಿನ 4 ಬಿದ್ದರೂ ಒಂದೇ; ಕಳಾವರದ ಎಕ್ಕ, ಕಳಾವರದ 9, ಡೈಮಂಡಿನ 4 ಬಿದ್ದರೂ ಒಂದೇ. ಹೀಗೆ ಒಂದೇ ಅರ್ಥದ ಫ್ಲಾಪುಗಳನ್ನು ಒಂದೊಂದು ಕಟ್ಟಾಗಿ ಕಟ್ಟಿದರೆ ಉಳಿಯುವುದು 1755 ಕಟ್ಟು. ಈ ಅಂಕಿಯನ್ನು ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ. ಕಾಗದ ಪೆನ್ಸಿಲು ಹಿಡಿದು ನೋಡಿರಿ.

ಮೊದಲನೆಯದು ತ್ರಿವಳಿ: ಮೂರೂ ಎಲೆ ಒಂದೇ ಬೆಲೆಯವು, ಉದಾಹರಣೆಗೆ ಮೂರು ರಾಜ. ಬೆಲೆಗಳು 13 ಇರುವುದರಿಂದ 13 ಕಟ್ಟು. ನಾಲ್ಕು ರಾಜರಲ್ಲಿ ಮೂವರನ್ನು ಎತ್ತುವ ರೀತಿ 4, ಆದುದರಿಂದ ಕಟ್ಟಿಗೆ 4 ಫ್ಲಾಪು. ಒಟ್ಟು 52.

ಎರಡನೆಯದು ಜೋಡಿ: ಎರಡು ರಾಜ, ಒಂದು 4 ಎಂಬಂಥವು. ಇಂಥ ಬೆಲೆಜೋಡಣೆಗಳು 13ನ್ನು 12ರಿಂದ ಗುಣಿಸಿ 156. ಮೂರನೆಯ ಎಲೆಯ ರಂಗು ಜೋಡಿಯ ಒಂದು ಎಲೆಯೊಡನೆ ಕೂಡಬಹುದು, ಕೂಡದೆಯೂ ಇರಬಹುದು. ಆದುದರಿಂದ ಒಂದೊಂದಕ್ಕೂ ಎರಡು ಕಟ್ಟು, ಒಂದೊಂದು ಕಟ್ಟಿನಲ್ಲಿ 12 ಫ್ಲಾಪು. ಒಟ್ಟು 312 ಕಟ್ಟು, 3744 ಫ್ಲಾಪು.

ಮೂರನೆಯದು ಬಿಡಿ: ಮೂರೂ ಬೆಲೆ ಬೇರೆ ಬೇರೆ. ಇಂಥ ಬೆಲೆಜೋಡಣೆಗಳು 286. ಒಂದೊಂದಕ್ಕೂ ಐದು ಕಟ್ಟು. ಮೂರು ರಂಗಿನದು ಒಂದು ಕಟ್ಟು, ಅದರಲ್ಲಿ 24 ಫ್ಲಾಪು. ಎರಡು ರಂಗಿನವು, ಯಾವ ಎರಡು ಎಲೆ ಒಂದೇ ರಂಗಿನವು ಎಂಬುದನ್ನನುಸರಿಸಿ, ಮೂರು ಕಟ್ಟು. ಒಂದೊಂದರಲ್ಲಿ 12 ಫ್ಲಾಪು. ಮೂರೂ ಒಂದೇ ರಂಗಿನದು ಒಂದು ಕಟ್ಟು, ಅದರಲ್ಲಿ 4 ಮಾತ್ರ. ಒಟ್ಟು 1430 ಕಟ್ಟು, 18,304 ಫ್ಲಾಪು.

ಕೂಡಿಸಿರಿ: 13, 312, 1430 ಸೇರಿ 1755. ಮತ್ತೆ 52, 3744, 18,304 ಸೇರಿ 22,100. ಲೆಕ್ಕ ತಾಳೆಯಾಯಿತು.

ನಮ್ಮ ತರುಣರು 1755 ಕಟ್ಟುಗಳನ್ನೂ ಬಿಡಿಸುತ್ತೇನೆಂದರೆ, ಹತ್ತು ನಿಮಿಷದಂತೆ 292 ಗಂಟೆ 30 ನಿಮಿಷ ಬೇಕು. ದಿನಕ್ಕೊಂದು ಗಂಟೆಯಂತೆ ಸುಮಾರು ಹತ್ತು ತಿಂಗಳು. ಅದೂ ಆಟದ ಒಂದೇ ಒಂದು ಸಂದರ್ಭಕ್ಕೆ. ಪಣದ ಅಳತೆಯೊಂದನ್ನು ಬದಲಿಸಿದರೆ ಮತ್ತೆ ಮೊದಲಿನಿಂದ. ಆದುದರಿಂದ ಆರಿಸುವುದು ಅನಿವಾರ್ಯ.

ನೆನಪಿನಿಂದ ಆರಿಸಿದವನ ಕಥೆ

ಆರಿಸುವುದೆಂದರೆ ಸುಲಭವೆಂದು ತೋರುತ್ತದೆ. ನನ್ನ ಖೋಲಿಯಲ್ಲಿ ಕೆಲವು ವರ್ಷ ಜೊತೆಗಿದ್ದ ಗೆಳೆಯನೊಬ್ಬನಿಗೂ ಹಾಗೆಯೇ ತೋರಿತ್ತು. ಫೋನಿನಲ್ಲಿ ಹಣ ಕಟ್ಟಿ ಪೋಕರ್ ಆಡುವುದು ಆಗ ನಡೆದಿತ್ತು. ಈತ ಬುದ್ಧಿವಂತ; ಕುರುಡಾಗಿ ಆಡಬಾರದೆಂದು ಸಾಲ್ವರಿನಿಂದ ಒಂಬತ್ತು ಫ್ಲಾಪುಗಳನ್ನು ಬಿಡಿಸಿ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡ. ಯಾವ ಒಂಬತ್ತು? ತನಗೆ ನೆನಪಿನಲ್ಲಿ ಉಳಿದ ಒಂಬತ್ತು. ಅವುಗಳಲ್ಲಿ ಏಳಕ್ಕೆ ಎಕ್ಕವೋ ರಾಜನೋ ತಲೆಯಾಗಿತ್ತು. ದೊಡ್ಡ ಎಲೆ ಬಿದ್ದ ಆಟವೇ ಮನಸ್ಸಿನಲ್ಲಿ ಉಳಿಯುವುದು. 7-6-2 ಬಿದ್ದುದನ್ನು ಯಾರು ನೆನೆಯುತ್ತಾರೆ?

ಎಕ್ಕ ಅಥವಾ ರಾಜ ತಲೆಯಾಗಿ, ಉಳಿದೆರಡು ಎಲೆ ಒಂದಕ್ಕೊಂದು ದೂರವಾಗಿದ್ದರೆ, ಫ್ಲಾಪಿಗೆ ಮುಂಚೆ ಪಣ ಏರಿಸಿದವನಿಗೆ ಸಾಮಾನ್ಯವಾಗಿ ಮೇಲುಗೈ. ಅವನ ಕೈಯಲ್ಲಿ ದೊಡ್ಡ ಎಲೆಗಳು ಹೆಚ್ಚು. ಇಂಥಲ್ಲಿ ಸಣ್ಣ ಪಣವನ್ನು ಮೇಲಿಂದ ಮೇಲೆ ಕಟ್ಟೆಂದು ಸಾಲ್ವರ್ ಹೇಳುವುದು ಸಹಜ. ಗೆಳೆಯ ಅದನ್ನೇ ಸೂತ್ರ ಮಾಡಿಕೊಂಡ: “ಏರಿಸಿದವನು ಯಾವಾಗಲೂ ಕಟ್ಟಬೇಕು.” ಆದರೆ 8-7-5ರಂಥ ಸಣ್ಣ, ಹತ್ತಿರ ಹತ್ತಿರದ ಎಲೆಗಳು ಬಿದ್ದಾಗ ಮೇಲುಗೈ ಎದುರಿನವನ ಕಡೆಗೆ ಸರಿಯುತ್ತದೆ, ಅಲ್ಲಿ ಸುಮ್ಮನಿರುವುದನ್ನು ಕಲಿತಿರಬೇಕು. ಅವನ ಪುಸ್ತಕದಲ್ಲಿ ಅಂಥದು ಒಂದೂ ಇರಲಿಲ್ಲ. ಆ ವರ್ಷ ಮಳೆಗಾಲ ಹಿಡಿಯುವುದರೊಳಗೆ, ಊರಿನ ಮನೆಗೆ ಹಂಚು ಹೊದಿಸಲೆಂದು ಕೂಡಿಟ್ಟ ಹಣ ಹೋಗಿತ್ತು.

ಎಕ್ಕ ಅಥವಾ ರಾಜ ತಲೆಯಾದ ಫ್ಲಾಪುಗಳು ನಿಜವಾಗಿ ಎಷ್ಟು? ಎಕ್ಕವಿರುವವು 4804, ಶೇಕಡಾ 21.74. ಎಕ್ಕವಿಲ್ಲದೆ ರಾಜನಿರುವವು 4052, ಶೇಕಡಾ 18.33. ಎರಡೂ ಸೇರಿ ನೂರಕ್ಕೆ 40. ಗೆಳೆಯನ ಪುಸ್ತಕದಲ್ಲಿ ಅವು ನೂರಕ್ಕೆ 78 ಆಗಿದ್ದವು. ಊರಿಗೆ ಹೋಗುವ ಮುನ್ನ ಅವನೇ ನನ್ನೊಡನೆ ಅಂದದ್ದು: “ಸಾಲ್ವರ್ ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿತು.”

ಚೀಟಿ ಎತ್ತಿದರೆ ಸಾಲದೆ?

ಹಾಗಾದರೆ ನೆನಪನ್ನು ನಂಬದೆ, 1755 ಕಟ್ಟುಗಳ ಹೆಸರನ್ನು 1755 ಚೀಟಿಗಳಲ್ಲಿ ಬರೆದು, ಗಡಿಗೆಯಲ್ಲಿ ಕಲಕಿ, ಕಣ್ಣು ಮುಚ್ಚಿ ಎತ್ತೋಣವೆ? ಪಕ್ಷಪಾತವೇನೋ ಹೋಯಿತು, ಆದರೆ ಇನ್ನೊಂದು ತಪ್ಪು ಒಳಗೆ ನುಸುಳಿತು. ಎಲ್ಲ ಚೀಟಿಗಳಿಗೂ ಒಂದೇ ತೂಕವಿಲ್ಲ. ಮೂರು ರಂಗಿನ ಬಿಡಿ ಫ್ಲಾಪಿನ ಚೀಟಿ 24 ಫ್ಲಾಪುಗಳ ಪ್ರತಿನಿಧಿ, ಒಂದೇ ರಂಗಿನದು 4ರ ಪ್ರತಿನಿಧಿ ಮಾತ್ರ. 24 ಮಂದಿಯ ಕುಟುಂಬಕ್ಕೂ 4 ಮಂದಿಯ ಕುಟುಂಬಕ್ಕೂ ಒಂದೊಂದೇ ಮತ ಕೊಟ್ಟ ಹಾಗಾಯಿತು.

ಚೀಟಿಗಳ ಲೆಕ್ಕದಲ್ಲಿ ಒಂದೇ ರಂಗಿನವು 1755ರಲ್ಲಿ 286, ಎಂದರೆ ಶೇಕಡಾ 16.3. ಮೇಜಿನ ಮೇಲೆ ನಿಜವಾಗಿ ಬೀಳುವುದು 22,100ರಲ್ಲಿ 1144, ಎಂದರೆ ಶೇಕಡಾ 5.18. ಮೂರು ಪಟ್ಟಿಗಿಂತಲೂ ಹೆಚ್ಚಿನ ವ್ಯತ್ಯಾಸ. ಎರಡು ರಂಗಿನವು ನಿಜವಾಗಿ ಶೇಕಡಾ 55.06, ಮೂರು ರಂಗಿನವು ಶೇಕಡಾ 39.76, ಚೀಟಿಗಳಲ್ಲಿ ಅವು 57.78 ಮತ್ತು 25.93 ಆಗುತ್ತವೆ.

ಇದರಿಂದ ಆಗುವ ಕೇಡನ್ನು ಊಹೆಯ ಅಂಕಿಗಳಿಂದ ತೋರಿಸುತ್ತೇನೆ. ಪಣ ಕಟ್ಟಬೇಕಾದ ಪ್ರಮಾಣ ಒಂದೇ ರಂಗಿನ ಫ್ಲಾಪುಗಳಲ್ಲಿ ನೂರಕ್ಕೆ 30, ಎರಡು ರಂಗಿನವುಗಳಲ್ಲಿ 50, ಮೂರು ರಂಗಿನವುಗಳಲ್ಲಿ 60 ಎಂದಿಟ್ಟುಕೊಳ್ಳಿರಿ. ನಿಜವಾದ ತೂಕದಿಂದ ಸರಾಸರಿ ತೆಗೆದರೆ 53 ಬರುತ್ತದೆ. ಚೀಟಿಗಳ ತೂಕದಿಂದ 49. ಮೂರಕ್ಕೂ ಸಮವಾಗಿ ಹಂಚಿದರೆ 47. ಯಂತ್ರದ ಉತ್ತರಗಳು ಮೂರು ಸಲವೂ ಅವೇ. ಕೂಡಿಸಿದವನ ಕೈ ಬೇರೆ.

ವಿಂಗಡಿಸಿ ಆರಿಸುವುದು

ಸರಿಯಾದ ಮಾರ್ಗ ಇದು. ಮೊದಲು ಗಡಿಗೆಯಲ್ಲಿ ಯಾವ ಯಾವ ಪದರಗಳಿವೆ ಎಂದು ಗುರುತಿಸಬೇಕು. ಆಮೇಲೆ ಒಂದೊಂದು ಪದರದಿಂದಲೂ ಅದರ ಗಾತ್ರಕ್ಕೆ ತಕ್ಕಷ್ಟು ತೆಗೆಯಬೇಕು. ಫ್ಲಾಪಿನಲ್ಲಿ ಮುಖ್ಯವಾದ ಪದರಗಳು ಮೂರು ಬಗೆ: ತಲೆಯ ಎಲೆ ಯಾವುದು, ರಂಗು ಎಷ್ಟು, ಜೋಡಿಯಿದೆಯೇ ಇಲ್ಲವೇ.

ತಲೆಯ ಎಲೆಯ ಲೆಕ್ಕ ಹೀಗೆ: ಎಕ್ಕ ಶೇಕಡಾ 21.74, ರಾಜ 18.33, ರಾಣಿ 15.22, ಗುಲಾಮ 12.40, ಹತ್ತು 9.86, ಒಂಬತ್ತು 7.62, ಎಂಟು ಮತ್ತು ಅದಕ್ಕಿಂತ ಕೆಳಗಿನವು ಎಲ್ಲ ಸೇರಿ 14.82. ಜೋಡಿಯಿರುವವು ಶೇಕಡಾ 16.94. ತ್ರಿವಳಿಯಂತೂ ನೂರಕ್ಕೆ ಕಾಲು ಭಾಗಕ್ಕೂ ಕಡಿಮೆ. ಸಣ್ಣ ಪಟ್ಟಿಯಲ್ಲಿ ಅದನ್ನು ಬಿಡಬಹುದು.

25 ಫ್ಲಾಪುಗಳ ಪಟ್ಟಿ ಬೇಕೆಂದರೆ ಈ ಶೇಕಡಾಗಳನ್ನು ನಾಲ್ಕರಿಂದ ಭಾಗಿಸಿ, ಹತ್ತಿರದ ಪೂರ್ಣಾಂಕ ಹಿಡಿಯಬೇಕು. ಎಕ್ಕ 5, ರಾಜ 5, ರಾಣಿ 4, ಗುಲಾಮ 3, ಹತ್ತು 2, ಒಂಬತ್ತು 2, ಕೆಳಗಿನವು 4, ಒಟ್ಟು 25. ರಂಗಿನಲ್ಲಿ ಒಂದೇ ರಂಗಿನದು 1, ಎರಡು ರಂಗಿನವು 14, ಮೂರು ರಂಗಿನವು 10. ಜೋಡಿ 4. ಈ ಮೂರು ಕಟ್ಟಳೆಗಳನ್ನೂ ಒಟ್ಟಿಗೆ ಪಾಲಿಸಿ ನಾನು ಸಿದ್ಧಪಡಿಸಿದ ಪಟ್ಟಿ ಕೆಳಗಿದೆ. ಕಂಸದೊಳಗಿನದು ರಂಗುಗಳ ಸಂಖ್ಯೆ.

ಎಕ್ಕ ತಲೆ: ಎಕ್ಕ-ರಾಜ-8 (2), ಎಕ್ಕ-ರಾಣಿ-5 (3), ಎಕ್ಕ-10-4 (2), ಎಕ್ಕ-7-3 (3), ಎಕ್ಕ-6-6 (2).
ರಾಜ ತಲೆ: ರಾಜ-ರಾಣಿ-10 (2), ರಾಜ-ಗುಲಾಮ-6 (3), ರಾಜ-9-3 (2), ರಾಜ-7-2 (1), ರಾಜ-ರಾಜ-4 (3).
ರಾಣಿ ತಲೆ: ರಾಣಿ-ಗುಲಾಮ-3 (2), ರಾಣಿ-10-8 (3), ರಾಣಿ-8-4 (2), ರಾಣಿ-6-2 (3).
ಗುಲಾಮ ತಲೆ: ಗುಲಾಮ-10-7 (2), ಗುಲಾಮ-9-4 (3), ಗುಲಾಮ-ಗುಲಾಮ-5 (2).
ಹತ್ತು ತಲೆ: 10-9-6 (2), 10-5-3 (3).
ಒಂಬತ್ತು ತಲೆ: 9-8-4 (2), 9-6-3 (3).
ಕೆಳಗಿನವು: 8-7-5 (2), 8-4-2 (2), 7-6-2 (2), 5-5-2 (3).

ಜೋಡಿಯಿಲ್ಲದ ಎರಡು ರಂಗಿನವು ಇದರಲ್ಲಿ 12 ಇವೆ. ನಾಲ್ಕರಲ್ಲಿ ಮೊದಲಿನ ಎರಡು ಎಲೆ, ನಾಲ್ಕರಲ್ಲಿ ಮೊದಲನೆಯದು ಮತ್ತು ಕೊನೆಯದು, ನಾಲ್ಕರಲ್ಲಿ ಕೊನೆಯ ಎರಡು ಒಂದೇ ರಂಗಿನವಾಗಿರಲಿ. ಏಕೆಂದರೆ ನಿಜವಾದ ಹಂಚಿಕೆಯಲ್ಲಿಯೂ ಈ ಮೂರು ಬಗೆಗಳು ಸಮಸಮವಾಗಿವೆ. ದಿನಕ್ಕೊಂದು ಗಂಟೆಯಂತೆ ಐದು ರಾತ್ರಿಗಳಲ್ಲಿ ಈ ಪಟ್ಟಿ ಮುಗಿಯುತ್ತದೆ.

ತಾಳೆ ನೋಡುವುದು

ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಇದಕ್ಕೆ ಇಟಲಿ ದೇಶದ ಒಂದು ಪ್ರಸಂಗ ಸಾಕ್ಷಿಯಾಗಿದೆ. ಅಲ್ಲಿನ 1921ರ ಜನಗಣತಿಯ ಕಾಗದಗಳನ್ನೆಲ್ಲ ಇಟ್ಟುಕೊಳ್ಳಲು ಸ್ಥಳವಿಲ್ಲದೆ, ಒಂದು ಮಾದರಿಯನ್ನು ಮಾತ್ರ ಉಳಿಸಿಕೊಳ್ಳಬೇಕಾಗಿ ಬಂತು. ಕೊರಾಡೊ ಜಿನಿ ಮತ್ತು ಲೂಯಿಜಿ ಗಾಲ್ವಾನಿ ಎಂಬ ಸಂಖ್ಯಾಶಾಸ್ತ್ರಜ್ಞರು ದೇಶದ 214 ಜಿಲ್ಲಾ ವಿಭಾಗಗಳಲ್ಲಿ 29ನ್ನು ಆರಿಸಿದರು. ಏಳು ಲಕ್ಷಣಗಳ ಸರಾಸರಿ ಇಡೀ ದೇಶದ ಸರಾಸರಿಗೆ ಹೊಂದುವಂತೆ ಜಾಗರೂಕತೆಯಿಂದ ಆರಿಸಿದರು. ಆ ಏಳರಲ್ಲಿ ಎಲ್ಲವೂ ಹೊಂದಿತು. ಆದರೆ ಬೇರೆ ಲಕ್ಷಣಗಳನ್ನು ತೆಗೆದು ನೋಡಿದಾಗ 29ರ ಚಿತ್ರವೇ ಬೇರೆ, ದೇಶದ ಚಿತ್ರವೇ ಬೇರೆಯಾಗಿತ್ತು. ಜರ್ಜಿ ನೇಮನ್ ಎಂಬ ವಿದ್ವಾಂಸರು 1934ರಲ್ಲಿ ಈ ಪ್ರಸಂಗವನ್ನೆತ್ತಿಕೊಂಡು, ಪದರ ಪದರವಾಗಿ ವಿಂಗಡಿಸಿ ಒಂದೊಂದರೊಳಗೂ ಚೀಟಿ ಎತ್ತುವ ಕ್ರಮವೇ ಹೆಚ್ಚು ನಂಬತಕ್ಕದ್ದೆಂದು ತೋರಿಸಿದರು. ನಮ್ಮ ದೇಶದಲ್ಲಿಯೂ ಪ್ರಶಾಂತಚಂದ್ರ ಮಹಲನೋಬಿಸರ ಪ್ರಯತ್ನದಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ವಿಂಗಡಿಸಿ ಚೀಟಿ ಎತ್ತುವ ತತ್ತ್ವದ ಮೇಲೆಯೇ ನಡೆದು ಬಂದಿದೆ.

ನಾವು ಕಲಿಯಬೇಕಾದುದು ಇದು: ಯಾವ ಲಕ್ಷಣದಿಂದ ಆರಿಸಿದೆವೋ ಅದರಿಂದಲೇ ಪರೀಕ್ಷಿಸಿದರೆ ಪಟ್ಟಿ ಹೇಗೂ ಪಾಸಾಗುತ್ತದೆ. ಆರಿಸುವಾಗ ನೋಡದ ಲಕ್ಷಣದಿಂದ ಪರೀಕ್ಷಿಸಬೇಕು. ಮೇಲಿನ ಪಟ್ಟಿಗೆ ಎರಡು ಪರೀಕ್ಷೆ ಮಾಡೋಣ.

ಒಂದು, ಪಟ್ಟಿಯಲ್ಲಿ ಒಟ್ಟು 75 ಎಲೆಗಳಿವೆ. 13 ಬೆಲೆಗಳಿಗೆ ಹಂಚಿದರೆ ಒಂದೊಂದು ಸುಮಾರು 5.8 ಸಲ ಬರಬೇಕು. ಎಣಿಸಿ ನೋಡಿರಿ: ಎಕ್ಕ 5, ರಾಜ 7, ರಾಣಿ, ಗುಲಾಮ, ಹತ್ತು 6 ಸಲದಂತೆ, 9 ಐದು ಸಲ, 8 ಆರು, 7 ಐದು, 6 ಏಳು, 5 ಮತ್ತು 4 ಆರಾರು, 3 ಮತ್ತು 2 ಐದೈದು. ಯಾವುದೂ 5ಕ್ಕೆ ಕಡಿಮೆಯಿಲ್ಲ, 7ಕ್ಕೆ ಹೆಚ್ಚಿಲ್ಲ.

ಎರಡು, ಕೈಯ ಎರಡು ಎಲೆ ಸೇರಿ ಆಗಲೇ ಐದು ಎಲೆಗಳ ಸರಣಿ ಆಗಬಲ್ಲ ಫ್ಲಾಪುಗಳು 22,100ರಲ್ಲಿ 4096, ಎಂದರೆ ಶೇಕಡಾ 18.5. ಇಪ್ಪತ್ತೈದರಲ್ಲಿ ನಾಲ್ಕೋ ಐದೋ ಇರಬೇಕು. ನಮ್ಮಲ್ಲಿ ಇರುವವು ಐದು: ರಾಜ-ರಾಣಿ-10, ರಾಣಿ-10-8, ಗುಲಾಮ-10-7, 10-9-6, 8-7-5. ನಾನು ಮೊದಲು ಬರೆದ ಪಟ್ಟಿಯಲ್ಲಿ 7-6-2ರ ಬದಲು 7-6-3 ಇತ್ತು; ಸರಣಿಗಳು ಆರಾಗಿ ಹೆಚ್ಚಾದುದರಿಂದ ಅದನ್ನು ತಿದ್ದಬೇಕಾಯಿತು. ತಾಳೆ ನೋಡುವುದರ ಪ್ರಯೋಜನ ಇದೇ.

ಎಷ್ಟು ಆರಿಸಿದರೆ ಸಾಕು?

ಬರೀ ಚೀಟಿ ಎತ್ತಿ ಆರಿಸುವಲ್ಲಿ ಒಂದು ಹಳೆಯ ನಿಯಮವಿದೆ. ತಪ್ಪಿನ ಪ್ರಮಾಣ ಅರ್ಧವಾಗಬೇಕಾದರೆ ಶ್ರಮ ನಾಲ್ಕು ಪಟ್ಟಾಗಬೇಕು. ಫ್ಲಾಪಿನಿಂದ ಫ್ಲಾಪಿಗೆ ಉತ್ತರಗಳ ಏರಿಳಿತ 25 ಅಂಶಗಳೆಂದಿದ್ದರೆ, 25 ಫ್ಲಾಪುಗಳ ಸರಾಸರಿಯಲ್ಲಿ ಸುಮಾರು 5 ಅಂಶಗಳ ತಪ್ಪು ನಿರೀಕ್ಷಿಸಬೇಕು, 100ರಲ್ಲಿ ಎರಡೂವರೆ. ವಿಂಗಡಿಸಿ ಆರಿಸುವುದರಿಂದ, ಶ್ರಮ ಅಷ್ಟೇ ಇದ್ದು ತಪ್ಪು ಇದಕ್ಕಿಂತ ಇಳಿಯುತ್ತದೆ. ಹೆಚ್ಚು ಸಮಯವುಳ್ಳವರು 50 ಅಥವಾ 100ರ ಪಟ್ಟಿಯನ್ನು ಇದೇ ಕ್ರಮದಿಂದ ಮಾಡಿಕೊಳ್ಳಬಹುದು. ತೂಕವನ್ನು ಲೆಕ್ಕದಲ್ಲಿಯೇ ಸರಿಪಡಿಸುವುದೂ ಉಂಟು. ನಮ್ಮ ಪಟ್ಟಿಯಲ್ಲಿ ಒಂದೇ ರಂಗಿನದು ಇಪ್ಪತ್ತೈದರಲ್ಲಿ ಒಂದು, ಎಂದರೆ ನೂರಕ್ಕೆ 4. ಇರಬೇಕಾದುದು 5.18. ಸರಾಸರಿ ತೆಗೆಯುವಾಗ ಅದರ ಉತ್ತರವನ್ನು 4ರ ಬದಲು 5.18 ತೂಕದಿಂದ ಸೇರಿಸಿದರೆ ಆ ಕೊರತೆ ತುಂಬಿತು.

ಎರಡು ಎಚ್ಚರಿಕೆ. ಪಟ್ಟಿ ಹೇಳುವುದು ಒಟ್ಟಾರೆ ಪ್ರವೃತ್ತಿಯನ್ನು. ರಾಜ-9-3ರ ಉತ್ತರವನ್ನು ಬಾಯಿಪಾಠ ಮಾಡಿ ರಾಜ-9-8ಕ್ಕೆ ಅನ್ವಯಿಸಬಾರದು; ಯಾವ ಲಕ್ಷಣ ಬದಲಾದಾಗ ಉತ್ತರ ಬದಲಾಯಿತು ಎಂಬುದನ್ನು ಗಮನಿಸಬೇಕು. ಎರಡನೆಯದಾಗಿ, ಇಬ್ಬರ ಕೈಯಲ್ಲಿರಬಹುದಾದ ಎಲೆಗಳನ್ನು ನಾವು ತಪ್ಪಾಗಿ ಹೇಳಿದ್ದರೆ, ಎಷ್ಟು ಒಳ್ಳೆಯ ಪಟ್ಟಿಯೂ ನಮ್ಮನ್ನು ಕಾಪಾಡದು. ಅಕ್ಕಿಯೇ ಬೇರೆಯಾದಾಗ ಅಗುಳನ್ನು ಹಿಸುಕಿ ಏನು ಫಲ?

ಹಣದ ಮಾತು

ಕೊನೆಯಲ್ಲಿ ಹೇಳುತ್ತೇನೆಂದ ಮಾತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾನೂನು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಲಿ ಅದೃಷ್ಟದವಾಗಲಿ, ನಿಷೇಧಿಸುತ್ತದೆ. ಕಾನೂನಿನ ಮಾತು ಹಾಗಿರಲಿ, ಲೆಕ್ಕದ ಮಾತನ್ನಾದರೂ ಕೇಳಿರಿ. ಆಡಿಸುವವರು ಪಣದಲ್ಲಿ ತಮ್ಮ ಪಾಲನ್ನು ಕಡಿದುಕೊಳ್ಳುತ್ತಾರೆ. ಆದುದರಿಂದ ಸಮಬಲರಾದ ಇಬ್ಬರು ಸಾಲ್ವರಿನಷ್ಟೇ ಚೆನ್ನಾಗಿ ಆಡಿದರೂ, ದೀರ್ಘಕಾಲದಲ್ಲಿ ಇಬ್ಬರೂ ಕಳೆದುಕೊಳ್ಳುತ್ತಾರೆ. ಊರಿಗೆ ಕಳಿಸಬೇಕಾದ ಹಣಕ್ಕೆ ಈ ದಾರಿ ತಕ್ಕದ್ದಲ್ಲ. ಹುಣಿಸೆ ಬೀಜವನ್ನು ಪಣವಾಗಿಟ್ಟು ಆಡಿದರೂ ಆಟದ ಬುದ್ಧಿ ಅಷ್ಟೇ ಬೆಳೆಯುತ್ತದೆ, ಹಂಚಿನ ಹಣ ಹಂಚಿಗೇ ಉಳಿಯುತ್ತದೆ.

ನನ್ನ ಗೆಳೆಯ ಈಗ ಊರಿನಲ್ಲಿದ್ದಾನೆ. ಮನೆಗೆ ಹಂಚು ಹೊದಿಸಿದ್ದು ಮರುವರ್ಷದ ಬೇಸಗೆಯಲ್ಲಿ. ಈ ಪಟ್ಟಿಯನ್ನು ಅವನಿಗೂ ಕಳಿಸಿದ್ದೆ. ಬಂದ ಉತ್ತರ ಒಂದೇ ಸಾಲು: “ಕೆಳಗಿನ ನಾಲ್ಕು ನನ್ನ ಪುಸ್ತಕದಲ್ಲಿ ಇರಲಿಲ್ಲ.”

ಅಭ್ಯಾಸ

1. 50 ಫ್ಲಾಪುಗಳ ಪಟ್ಟಿಯಲ್ಲಿ ಜೋಡಿಯಿರುವವು ಎಷ್ಟಿರಬೇಕು?
2. ಒಬ್ಬರು ಎತ್ತಿದ 25ರ ಪಟ್ಟಿಯಲ್ಲಿ ಒಂದೇ ರಂಗಿನವು 4 ಬಂದಿವೆ. ಅವನ್ನು ಬಿಸಾಡದೆ ಸರಾಸರಿಯನ್ನು ಸರಿಪಡಿಸುವುದು ಹೇಗೆ?
3. ನಿಮ್ಮ ಕೆಲಸದಲ್ಲಿ ಮಾದರಿ ನೋಡಿ ತೀರ್ಮಾನಿಸುವ ಒಂದು ಸಂದರ್ಭವನ್ನು ನೆನೆಯಿರಿ. ಅಲ್ಲಿ ಪದರಗಳು ಯಾವುವು? ಯಾವ ಪದರ ಯಾವಾಗಲೂ ತಪ್ಪಿಹೋಗುತ್ತದೆ?

ಉತ್ತರ: ಮೊದಲನೆಯದಕ್ಕೆ 8 ಅಥವಾ 9. ಎರಡನೆಯದಕ್ಕೆ, ಆ ನಾಲ್ಕೂ ಸೇರಿ ನೂರಕ್ಕೆ 16ರ ಬದಲು 5.18 ತೂಕ ಪಡೆಯಬೇಕು, ಎಂದರೆ ಒಂದೊಂದಕ್ಕೆ ಸುಮಾರು 1.3, ಉಳಿದ ತೂಕವನ್ನು ಮಿಕ್ಕ ರಂಗುಗಳಿಗೆ ಅವುಗಳ ನಿಜವಾದ ಪ್ರಮಾಣದಂತೆ ಹಂಚಬೇಕು. ಮೂರನೆಯದರ ಉತ್ತರವನ್ನು ನೀವೇ ಬರೆದು, ವಾಚನಾಲಯದ ಮೇಜಿನ ಮೇಲಿರುವ ವಹಿಯಲ್ಲಿ ಸೇರಿಸಿರಿ. ಒಳ್ಳೆಯವನ್ನು ಮುಂದಿನ ಸಂಚಿಕೆಯಲ್ಲಿ ಚರ್ಚಿಸೋಣ.